ಮನೆ ಕಂಪ್ಯೂಟರ್‌ಗೆ ಸಿ, ಪೈಥಾನ್, ಜಾವಾ: ದುಡ್ಡು ಕೊಡದೆ, ವೈರಸ್ ತರದೆ

"ಸರ, ಟರ್ಬೊ ಸಿ ಎಲ್ಲಿ ಸಿಗ್ತದ್ರಿ?"

ಕಾಲೇಜು ಶುರುವಾಗಿ ತಿಂಗಳು ತುಂಬುವುದರೊಳಗೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಟರ್ಬೊ ಸಿ ಅಂದರೆ ಸಿ ಪ್ರೋಗ್ರಾಮ್ ಬರೆದು ಓಡಿಸುವ ಒಂದು ಹಳೆಯ ಸಾಫ್ಟ್‌ವೇರ್. ಕಲಬುರಗಿಯಿಂದಷ್ಟೇ ಅಲ್ಲ, ಆಳಂದ, ಸೇಡಂ, ಹುಮನಾಬಾದ್, ಶಹಾಪುರದಿಂದಲೂ ಬರುತ್ತದೆ. ಕೇಳುವವರಲ್ಲಿ ಬಿಸಿಎ ಹುಡುಗರಿದ್ದಾರೆ, ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ನವರಿದ್ದಾರೆ, ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡ ಮಗಳಿಗಾಗಿ ಕೇಳುವ ಅಪ್ಪಂದಿರೂ ಇದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಸಿ, ಸಿ ಪ್ಲಸ್ ಪ್ಲಸ್, ಪೈಥಾನ್, ಜಾವಾ, ಈ ಪ್ರೋಗ್ರಾಮಿಂಗ್ ಭಾಷೆಗಳಿಗೆ ಬೇಕಾದ ಸಾಫ್ಟ್‌ವೇರ್ ಎಲ್ಲವೂ ಉಚಿತ. ಕ್ರ್ಯಾಕ್ ಬೇಡ, ಕೀ ಬೇಡ, ಅಂಗಡಿಯಲ್ಲಿ ಇನ್ನೂರು ಮುನ್ನೂರು ಕೊಟ್ಟು ಹಾಕಿಸಿಕೊಳ್ಳುವುದೂ ಬೇಡ. ಗೆಳೆಯನ ಪೆನ್‌ಡ್ರೈವ್ ಅಂತೂ ಬೇಡವೇ ಬೇಡ. ಒಮ್ಮೆ ಯಾರದೋ ಪೆನ್‌ಡ್ರೈವ್ ಚುಚ್ಚಿದ್ದಕ್ಕೆ ನನ್ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದವು. ಸರಿ ಮಾಡಲು ಅರ್ಧ ದಿನ ಹೋಯಿತು.

ಇನ್ನೊಂದು ಮಾತು. ಕಮಾಂಡ್‌ಗಳನ್ನು, ವೆಬ್‌ಸೈಟ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಲ್ಯಾಬ್‌ನಲ್ಲಿ ಬಾಯಲ್ಲಿ ಹೇಳಿಕೊಟ್ಟ ಹಾಗೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲವನ್ನೂ ಸಣ್ಣಕ್ಷರದಲ್ಲಿ ಹೊಡೆಯಿರಿ.

ಎಡಿಟರ್ ಬೇರೆ, ಕಂಪೈಲರ್ ಬೇರೆ

ನನಗೆ ಬರುವ ಅರ್ಧ ಪ್ರಶ್ನೆಗಳು ಇದೊಂದು ಗೊತ್ತಿಲ್ಲದೆ ಬರುತ್ತವೆ. ಎಡಿಟರ್ ಅಂದರೆ ಕೋಡ್ ಬರೆಯುವ ಜಾಗ. ಕಂಪೈಲರ್ ಅಂದರೆ ಬರೆದದ್ದನ್ನು ಕಂಪ್ಯೂಟರ್ ನಡೆಸುವ ರೂಪಕ್ಕೆ ತರುವ ಸಾಫ್ಟ್‌ವೇರ್. ಎಡಿಟರ್ ಮೊರ ಇದ್ದ ಹಾಗೆ, ಕಂಪೈಲರ್ ಗಿರಣಿ ಇದ್ದ ಹಾಗೆ. ಮೊರದಲ್ಲಿ ಜೋಳ ಎಷ್ಟು ಕೇರಿದರೂ ಹಿಟ್ಟು ಬರುವುದಿಲ್ಲ, ಅಲ್ವಾ? "ವಿಎಸ್ ಕೋಡ್ ಹಾಕೀನ್ರಿ, ಸಿ ಓಡವಲ್ದು" ಅನ್ನುವವರು ಮೊರ ಮಾತ್ರ ತಂದಿರುತ್ತಾರೆ. ವಿಎಸ್ ಕೋಡ್ ಒಳ್ಳೆಯ ಎಡಿಟರ್ರೇ. ಆದರೆ ಸಿ ಕಂಪೈಲರ್ ಅದರ ಜೊತೆಗೆ ಬರುವುದಿಲ್ಲ.

ಎರಡೂ ಒಂದೇ ಕಡೆ ಸಿಗುವಂತೆ ಮಾಡಿದ್ದಕ್ಕೆ ಐಡಿಇ ಅನ್ನುತ್ತಾರೆ. ಹೊಸಬರಿಗೆ ಐಡಿಇ ಸುಲಭ. ಇನ್ನು ಪೈಥಾನ್‌ಗೆ ಕಂಪೈಲರ್ ಬದಲು ಇಂಟರ್‌ಪ್ರಿಟರ್ ಅನ್ನುವ ಪದ ಬಳಸುತ್ತಾರೆ. ಸದ್ಯಕ್ಕೆ ಅದನ್ನೂ ಗಿರಣಿ ಅಂತಲೇ ಅಂದುಕೊಳ್ಳಿ.

1. ಸಿಲೆಬಸ್ ನೋಡಿ

ನಿಮ್ಮ ಲ್ಯಾಬ್ ಮ್ಯಾನುಯಲ್‌ನ ಮೊದಲ ಪುಟ ತೆಗೆದು ಯಾವ ಭಾಷೆ ಇದೆ ನೋಡಿ. ಸಿಲೆಬಸ್ ಬದಲಾಗುತ್ತಿರುತ್ತದೆ. ಅಣ್ಣ ಓದಿದ್ದು ಸಿ ಪ್ಲಸ್ ಪ್ಲಸ್, ತಮ್ಮನಿಗೆ ಬಂದಿರುವುದು ಪೈಥಾನ್, ಇಂಥ ಮನೆಗಳು ಬೇಕಾದಷ್ಟಿವೆ. ಈ ಸೆಮಿಸ್ಟರ್‌ಗೆ ಬೇಕಾದ ಒಂದನ್ನು ಮಾತ್ರ ಹಾಕಿಕೊಳ್ಳಿ. ನಾಲ್ಕೂ ಒಟ್ಟಿಗೆ ಹಾಕಿದರೆ ಯಾವುದರಲ್ಲಿ ಏನು ಕೆಟ್ಟಿದೆ ಎಂದು ಹುಡುಕುವುದೇ ಕೆಲಸವಾಗುತ್ತದೆ.

2. ಕಂಪ್ಯೂಟರ್ ಎಷ್ಟು ಬಿಟ್ ನೋಡಿ

"ದಿಸ್ ಪಿಸಿ" ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಅಲ್ಲಿ ಸಿಸ್ಟಮ್ ಟೈಪ್ ಅಂತ ಒಂದು ಸಾಲು ಇರುತ್ತದೆ. 64-ಬಿಟ್ ಆಪರೇಟಿಂಗ್ ಸಿಸ್ಟಮ್ ಅಂತಿದೆಯೋ 32-ಬಿಟ್ ಅಂತಿದೆಯೋ ಬರೆದಿಟ್ಟುಕೊಳ್ಳಿ. ಯಾವ ವಿಂಡೋಸ್ ಅನ್ನುವುದನ್ನೂ ಬರೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಗೊಂಡವರು ಇದನ್ನು ತಪ್ಪದೆ ನೋಡಬೇಕು. ಪ್ರೊಸೆಸರ್ 64-ಬಿಟ್ ಇದ್ದರೂ 32-ಬಿಟ್ ವಿಂಡೋಸ್ ಹಾಕಿ ಕೊಟ್ಟಿರುತ್ತಾರೆ. 64-ಬಿಟ್ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲ.

ರ್‍ಯಾಮ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ಹೇಳುವುದೆಲ್ಲ 4 ಜಿಬಿಯಲ್ಲಿ ಆರಾಮಾಗಿ ನಡೆಯುತ್ತದೆ.

3. ಮೂಲ ಸೈಟ್‌ನಿಂದಲೇ ಇಳಿಸಿಕೊಳ್ಳಿ

ಗೂಗಲ್‌ನಲ್ಲಿ "ಫ್ರೀ ಡೌನ್‌ಲೋಡ್" ಅಂತ ಹುಡುಕಿದರೆ ಮೇಲೆ ಜಾಹೀರಾತಿನ ಸೈಟ್‌ಗಳು ಬರಬಹುದು. ಒಳಗೆ ಹೋದರೆ ದೊಡ್ಡ ಹಸಿರು ಬಟನ್ ಇರುತ್ತದೆ. ಒತ್ತಿದರೆ ನಿಮಗೆ ಬೇಕಾದದ್ದರ ಜೊತೆಗೆ ಬೇಡದ ಟೂಲ್‌ಬಾರ್, ಆಟ, ಏನೇನೋ ಬಂದು ಕೂರುತ್ತವೆ. ವಿಳಾಸವನ್ನು ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ನೀವೇ ಟೈಪ್ ಮಾಡಿ:

ಸಿ, ಸಿ ಪ್ಲಸ್ ಪ್ಲಸ್‌ಗೆ: ಕೋಡ್‌ಬ್ಲಾಕ್ಸ್ ಡಾಟ್ ಆರ್ಗ್.
ಪೈಥಾನ್‌ಗೆ: ಪೈಥಾನ್ ಡಾಟ್ ಆರ್ಗ್, ಇಲ್ಲವೇ ಥಾನಿ ಡಾಟ್ ಆರ್ಗ್.
ಜಾವಾಗೆ: ಅಡಾಪ್ಟಿಯಂ ಡಾಟ್ ನೆಟ್, ಇಲ್ಲವೇ ಬ್ಲೂಜೆ ಡಾಟ್ ಆರ್ಗ್.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಸಾಕು. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಇವುಗಳಲ್ಲಿ ಯಾವುದನ್ನಾದರೂ ಒಂದೇ ದಿನದಲ್ಲಿ ಇಳಿಸಿಕೊಳ್ಳಬಹುದು. ಬೆಳಿಗ್ಗೆ ಬೇಗ ಎದ್ದು ಹಾಕಿ, ನೆಟ್ ಖಾಲಿ ಇರುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಬ್ರೌಸರ್‌ನ ಡೌನ್‌ಲೋಡ್ಸ್ ಪಟ್ಟಿಗೆ ಹೋಗಿ ರೆಸ್ಯೂಮ್ ಒತ್ತಿ ನೋಡಿ. ಫೈಲ್ ಇಳಿದ ಮೇಲೆ ಅದರ ಗಾತ್ರ ಸೈಟ್‌ನಲ್ಲಿ ಹೇಳಿದಷ್ಟೇ ಇದೆಯಾ ಅಂತ ನೋಡಿ. ಅರ್ಧಂಬರ್ಧ ಇಳಿದ ಫೈಲ್ ಇನ್‌ಸ್ಟಾಲ್ ಮಾಡಲು ಹೋಗಿ "ಕರಪ್ಟ್" ಅಂತ ಬಂದರೆ ಕಂಪ್ಯೂಟರ್ ಕೆಟ್ಟಿದೆ ಅಂದುಕೊಳ್ಳುವವರು ಜಾಸ್ತಿ.

ವಿಷುಯಲ್ ಸ್ಟುಡಿಯೊ ಕಮ್ಯುನಿಟಿ ಕೂಡ ವಿದ್ಯಾರ್ಥಿಗಳಿಗೆ ಉಚಿತ. ಆದರೆ ಅದು ಹಲವು ಜಿಬಿ ತಿನ್ನುತ್ತದೆ. ಫ್ಯಾಕ್ಟೋರಿಯಲ್ (1ರಿಂದ ಒಂದು ಸಂಖ್ಯೆವರೆಗೆ ಎಲ್ಲವನ್ನೂ ಗುಣಿಸುವ ಲೆಕ್ಕ) ಬರೆಯಲು ಅಷ್ಟೆಲ್ಲ ಬೇಡ.

4. ಸಿ ಮತ್ತು ಸಿ ಪ್ಲಸ್ ಪ್ಲಸ್

ಈಗ ಟರ್ಬೊ ವಿಷಯಕ್ಕೆ ಬರೋಣ. ಟರ್ಬೊ ಸಿ ಬಂದದ್ದು 1987ರಲ್ಲಿ, ಟರ್ಬೊ ಸಿ ಪ್ಲಸ್ ಪ್ಲಸ್ 1990ರಲ್ಲಿ. ಸಿ ಪ್ಲಸ್ ಪ್ಲಸ್ ಭಾಷೆಗೆ ಮೊದಲ ಅಂತರರಾಷ್ಟ್ರೀಯ ಮಾನದಂಡ ಬಂದದ್ದೇ 1998ರಲ್ಲಿ. ಅಂದರೆ ಭಾಷೆಯ ನಿಯಮ ಗಟ್ಟಿಯಾಗುವ ಮುಂಚಿನ ಕಂಪೈಲರ್ ಅದು. ಡಾಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್ ಕಾಲದ್ದು, 16-ಬಿಟ್‌ನದ್ದು. 64-ಬಿಟ್ ವಿಂಡೋಸ್ ಅದನ್ನು ನೇರವಾಗಿ ಓಡಿಸುವುದೇ ಇಲ್ಲ. ಅದಕ್ಕೇ ಡಾಸ್‌ಬಾಕ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಒಳಗೆ ಅದನ್ನು ಕೂರಿಸಿ ಓಡಿಸುತ್ತಾರೆ. ನೀಲಿ ಪರದೆ ನೋಡಿ ಅಭ್ಯಾಸವಾದ ಮೇಷ್ಟ್ರುಗಳಿಗೆ ಅದರ ಮೇಲೆ ಪ್ರೀತಿ ಇದೆ, ನನಗೂ ಇತ್ತು. ಹೊಸದಾಗಿ ಕಲಿಯುವವರಿಗೆ ನಾನಂತೂ ಹೇಳುವುದಿಲ್ಲ.

ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡಿ. ಲ್ಯಾಬ್‌ನಲ್ಲಿ ಫ್ಯಾಕ್ಟೋರಿಯಲ್ ಬರೆಸುತ್ತಾರಲ್ವಾ? ಉತ್ತರವನ್ನು ಇಂಟ್‌ನಲ್ಲಿ (ಪೂರ್ಣಾಂಕ ಇಡುವ ಜಾಗ) ಇಟ್ಟು ಟರ್ಬೊದಲ್ಲಿ 7 ಕೊಡಿ, 5040 ಬರುತ್ತದೆ, ಸರಿ. 8 ಕೊಡಿ. 40320 ಬರಬೇಕು, ಬರುವುದು ಮೈನಸ್ 25216! ನಿಮ್ಮ ಲೆಕ್ಕ ತಪ್ಪಿಲ್ಲ. ಟರ್ಬೊದಲ್ಲಿ ಇಂಟ್‌ಗೆ 2 ಬೈಟ್ ಜಾಗ ಮಾತ್ರ. 32767 ದಾಟಿದರೆ ಲೆಕ್ಕ ಉರುಳಿ ಮೈನಸ್ ಕಡೆಗೆ ಬೀಳುತ್ತದೆ. ಇವತ್ತಿನ ಜಿಸಿಸಿ ಕಂಪೈಲರ್‌ನಲ್ಲಿ ಇಂಟ್‌ಗೆ 4 ಬೈಟ್. 12ರ ಫ್ಯಾಕ್ಟೋರಿಯಲ್ 47,90,01,600, ಅಲ್ಲಿಯವರೆಗೂ ಸರಿಯಾಗಿ ಬರುತ್ತದೆ. 13ಕ್ಕೆ ಅದೂ ಕೈ ಕೊಡುತ್ತದೆ, ಅದು ಬೇರೆ ಮಾತು.

ಜಿಸಿಸಿ ಅಂದರೆ ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಬಿಡುಗಡೆ ಮಾಡಿದ ಉಚಿತ ಕಂಪೈಲರ್. ಇವತ್ತಿಗೂ ಬೆಳೆಯುತ್ತಿದೆ. ವಿಂಡೋಸ್‌ಗೆ ಹೊಂದುವ ಅದರ ರೂಪಕ್ಕೆ ಮಿನ್‌ಜಿಡಬ್ಲ್ಯು ಅನ್ನುತ್ತಾರೆ. ಕೋಡ್‌ಬ್ಲಾಕ್ಸ್ ಅನ್ನುವ ಐಡಿಇ ಜೊತೆಗೆ ಇದು ಸಿಗುತ್ತದೆ. ಹೀಗೆ ಮಾಡಿ:

ಸೈಟ್‌ನಲ್ಲಿ ಡೌನ್‌ಲೋಡ್ಸ್, ಆಮೇಲೆ ಬೈನರಿ ರಿಲೀಸ್ ಒತ್ತಿ. ವಿಂಡೋಸ್ ಕೆಳಗೆ ಹತ್ತಾರು ಫೈಲ್‌ಗಳ ಪಟ್ಟಿ ಬರುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಮೇಲಿರುವ ಮೊದಲ ಫೈಲ್ ಚಿಕ್ಕದು ಅಂತ ಅದನ್ನೇ ಇಳಿಸುತ್ತಾರೆ. ಅದರಲ್ಲಿ ಕಂಪೈಲರ್ ಇರುವುದಿಲ್ಲ, ಮತ್ತೆ ಅದೇ ಮೊರದ ಕಥೆ. ಫೈಲ್ ಹೆಸರಿನಲ್ಲೇ "ಮಿನ್‌ಜಿಡಬ್ಲ್ಯು" ಮತ್ತು "ಸೆಟಪ್" ಎರಡೂ ಪದ ಇರುವುದನ್ನು ಆರಿಸಿ. ಮೊದಲ ಫೈಲಿಗಿಂತ ಇದು ಬಹಳ ದೊಡ್ಡದಿರುತ್ತದೆ. 32-ಬಿಟ್ ವಿಂಡೋಸ್ ಇದ್ದವರು ಹೆಸರಿನಲ್ಲಿ 32 ಅಂತ ಇರುವುದನ್ನು ತಗೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಏನನ್ನೂ ಬದಲಿಸದೆ ನೆಕ್ಸ್ಟ್ ಒತ್ತುತ್ತಾ ಹೋಗಿ. ಮೊದಲ ಸಲ ತೆರೆದಾಗ ಯಾವ ಕಂಪೈಲರ್ ಸಿಕ್ಕಿತು ಅಂತ ಒಂದು ಪಟ್ಟಿ ತೋರಿಸುತ್ತದೆ. ಅದರಲ್ಲಿ ಜಿಎನ್‌ಯು ಜಿಸಿಸಿ ಇದ್ದರೆ ನಿಮ್ಮ ಕೆಲಸ ಆಯಿತು. ಸಿ ಡ್ರೈವ್‌ನಲ್ಲಿ ಅಭ್ಯಾಸಕ್ಕೆ ಒಂದು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಸ್ಪೇಸ್ ಬೇಡ. ಫೈಲ್ ಉಳಿಸಿ ಎಫ್9 ಒತ್ತಿದರೆ ಕಂಪೈಲ್ ಆಗಿ ಓಡುತ್ತದೆ.

ಟರ್ಬೊ ನೋಟ್ಸ್‌ನಲ್ಲಿರುವ ಪ್ರೋಗ್ರಾಮ್ ಇಲ್ಲಿ ಹಾಗೇ ಹೊಡೆದರೆ ಕೆಲವು ಕಡೆ ನಿಲ್ಲುತ್ತದೆ. "ವಾಯ್ಡ್ ಮೇನ್" ಬದಲು "ಇಂಟ್ ಮೇನ್" ಅಂತ ಬರೆದು ಕೊನೆಗೆ "ರಿಟರ್ನ್ 0" ಹಾಕಿ. "ಕ್ಲಿಯರ್ ಸ್ಕ್ರೀನ್" ಸಾಲು ತೆಗೆದುಹಾಕಿ, ಅದು ಟರ್ಬೊದ ಸ್ವಂತದ್ದು. ಸಿ ಪ್ಲಸ್ ಪ್ಲಸ್‌ನಲ್ಲಿ "ಐಒಸ್ಟ್ರೀಮ್ ಡಾಟ್ ಎಚ್" ಅಂತಿದ್ದರೆ ಡಾಟ್ ಎಚ್ ತೆಗೆಯಿರಿ, ಅದರ ಕೆಳಗೆ "ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ" ಸಾಲು ಸೇರಿಸಿ. "ಗ್ರಾಫಿಕ್ಸ್ ಡಾಟ್ ಎಚ್" ಬಳಸಿ ವೃತ್ತ, ಕಾರು ಬಿಡಿಸುವ ಪ್ರೋಗ್ರಾಮ್‌ಗಳು ಮಾತ್ರ ಇಲ್ಲಿ ನಡೆಯುವುದಿಲ್ಲ. ಸಿಲೆಬಸ್‌ನಲ್ಲಿ ಅವು ಇದ್ದವರಿಗೆ ಡಾಸ್‌ಬಾಕ್ಸ್ ದಾರಿಯೇ ಸುಲಭ. ಪರೀಕ್ಷೆ ದಿನ ಲ್ಯಾಬ್‌ನಲ್ಲಿ ಟರ್ಬೊನೇ ಇರುತ್ತದೆ ಅನ್ನುವವರು ಈ ವ್ಯತ್ಯಾಸಗಳನ್ನು ನೋಟ್‌ಬುಕ್‌ನ ಕೊನೆ ಪುಟದಲ್ಲಿ ಬರೆದಿಟ್ಟುಕೊಳ್ಳಿ, ಹೋಗುವ ಮುಂಚೆ ಒಮ್ಮೆ ಕಣ್ಣಾಡಿಸಿ.

"ಪರ್ಮಿಷನ್ ಡಿನೈಡ್" ಅಂತ ಬಂದರೆ ಹೆದರಬೇಡಿ. ಹಿಂದಿನ ಸಲ ಓಡಿಸಿದ ಕಪ್ಪು ಕಿಟಕಿ ಇನ್ನೂ ತೆರೆದಿರುತ್ತದೆ. ಅದನ್ನು ಮುಚ್ಚಿ ಮತ್ತೆ ಓಡಿಸಿ.

5. ಪೈಥಾನ್

ಪೈಥಾನ್ ಡಾಟ್ ಆರ್ಗ್‌ನಲ್ಲಿ ಡೌನ್‌ಲೋಡ್ಸ್, ವಿಂಡೋಸ್ ಒತ್ತಿ. "ವಿಂಡೋಸ್ ಇನ್‌ಸ್ಟಾಲರ್ 64-ಬಿಟ್" ಅನ್ನುವುದನ್ನು ಇಳಿಸಿ. ಈಚೆಗೆ ಅಲ್ಲೇ "ಇನ್‌ಸ್ಟಾಲ್ ಮ್ಯಾನೇಜರ್" ಅಂತಲೂ ಒಂದು ಕಾಣುತ್ತದೆ. ಒಮ್ಮೆ ಇಳಿಸಿಟ್ಟು ನೆಟ್ ಇಲ್ಲದ ಕಡೆ ಹಾಕಬೇಕಾದವರಿಗೆ ಮೊದಲನೆಯದೇ ಸರಿ. ವಿಂಡೋಸ್ 7 ಇದ್ದವರಿಗೆ ಹೊಸ ಪೈಥಾನ್ ಬರುವುದಿಲ್ಲ. 3.9ರಿಂದಲೇ ಅದರ ಸಹವಾಸ ಬಿಟ್ಟಿದ್ದಾರೆ. ಹಳೆಯ ಬಿಡುಗಡೆಗಳ ಪಟ್ಟಿಯಲ್ಲಿ 3.8.10 ಹುಡುಕಿ ಹಾಕಿಕೊಳ್ಳಿ, ಕಾಲೇಜು ಪಾಠಕ್ಕೆ ಅದು ಸಾಕು.

ಇನ್‌ಸ್ಟಾಲರ್ ತೆರೆದ ಕೂಡಲೇ "ಇನ್‌ಸ್ಟಾಲ್ ನೌ" ಒತ್ತಬೇಡಿ. ಕಿಟಕಿಯ ಕೆಳಗೆ ಚಿಕ್ಕದಾಗಿ "ಆ್ಯಡ್ ಪೈಥಾನ್ ಟು ಪಾತ್" ಅಂತ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿ, ಆಮೇಲೆ ಒತ್ತಿ. ಪಾತ್ ಅಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ (ಅದನ್ನು ತೆರೆಯುವುದು 7ನೇ ಭಾಗದಲ್ಲಿದೆ) ಕಮಾಂಡ್ ಹೊಡೆದಾಗ ವಿಂಡೋಸ್ ಯಾವ ಯಾವ ಫೋಲ್ಡರ್‌ನಲ್ಲಿ ಹುಡುಕಬೇಕು ಅನ್ನುವ ಪಟ್ಟಿ. ಪೈಥಾನ್‌ನ ಮನೆ ವಿಳಾಸ ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಮನೆಯಲ್ಲೇ ಇದ್ದರೂ ವಿಂಡೋಸ್‌ಗೆ ಸಿಗುವುದಿಲ್ಲ. ಪೈಥಾನ್ ಅಂತ ಹೊಡೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಟಿಕ್ ಮರೆತವರು "ಪಿ-ವೈ" ಅಂತ ಎರಡೇ ಅಕ್ಷರ ಹೊಡೆದು ನೋಡಿ, ಅದು ಕೆಲಸ ಮಾಡುತ್ತದೆ.

ಬರೆಯಲು ಐಡಲ್ ಅನ್ನುವ ಎಡಿಟರ್ ಜೊತೆಗೇ ಬರುತ್ತದೆ. ನ್ಯೂ ಫೈಲ್, ಕೋಡ್, ಸೇವ್, ಎಫ್5. ಇನ್ನೂ ಸುಲಭ ಬೇಕಾದರೆ ಥಾನಿ ಹಾಕಿ. ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ಮಾಡಿದ್ದು. ಪೈಥಾನ್ ಅದರ ಹೊಟ್ಟೆಯಲ್ಲೇ ಇರುತ್ತದೆ, ಪಾತ್ ತಲೆನೋವೇ ಇಲ್ಲ. ಒಂದೊಂದೇ ಸಾಲು ಓಡಿಸುತ್ತಾ ವೇರಿಯಬಲ್‌ನಲ್ಲಿ ಏನು ಕೂತಿದೆ ಅಂತ ಪಕ್ಕದಲ್ಲೇ ತೋರಿಸುತ್ತದೆ. ಪಿಯುಸಿ ಮಕ್ಕಳಿಗೆ ನಾನು ಇದನ್ನೇ ಹೇಳುವುದು.

ಒಂದು ತಪ್ಪು ಮಾತ್ರ ಪದೇ ಪದೇ ನೋಡುತ್ತೇನೆ. ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಟರ್ಟಲ್ ಕಲಿಯುವಾಗ ತಮ್ಮ ಫೈಲಿಗೂ ಟರ್ಟಲ್ ಅಂತಲೇ ಹೆಸರಿಡುತ್ತಾರೆ. ಆಗ ಪೈಥಾನ್ ತನ್ನ ಟರ್ಟಲ್ ಬಿಟ್ಟು ನಿಮ್ಮ ಫೈಲನ್ನೇ ಹೋಗಿ ತರುತ್ತದೆ, ಎರರ್ ಕೊಡುತ್ತದೆ. ರ್‍ಯಾಂಡಮ್, ಮ್ಯಾಥ್ ಅಂತಲೂ ಫೈಲಿಗೆ ಹೆಸರಿಡಬೇಡಿ.

ಸುಮ್ನೆ ಒಂದು ತಮಾಷೆ: ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೂ ಇಡಬಹುದು. ತೊಗರಿ = 12 ಅಂತ ಬರೆದರೆ ಒಪ್ಪುತ್ತದೆ. ಆದರೆ ತೊಗರಿ = ೧೨ ಅಂದರೆ ಒಪ್ಪುವುದಿಲ್ಲ. ಅದೇ ೧೨ ಅನ್ನು ಕೋಟ್ಸ್ ಒಳಗೆ ಹಾಕಿ ಇಂಟ್‌ಗೆ ಕೊಟ್ಟರೆ 12 ಅಂತ ಓದಿಕೊಳ್ಳುತ್ತದೆ!

6. ಜಾವಾ

ಇಲ್ಲಿ ಎರಡು ಪದ ಗೊಂದಲ ಮಾಡುತ್ತವೆ. ಜೆಆರ್‌ಇ ಅಂದರೆ ಬೇರೆಯವರು ಮಾಡಿದ ಜಾವಾ ಪ್ರೋಗ್ರಾಮ್ ಓಡಿಸಲು ಬೇಕಾದದ್ದು. ಜೆಡಿಕೆ ಅಂದರೆ ನೀವೇ ಮಾಡಲು ಬೇಕಾದದ್ದು. ನಿಮಗೆ ಬೇಕಿರುವುದು ಜೆಡಿಕೆ. "ಜಾವಾ" ಕಮಾಂಡ್ ನಡೆದು "ಜಾವಾ-ಸಿ" ನಡೆಯದಿದ್ದರೆ ನೀವು ಜೆಆರ್‌ಇ ಹಾಕಿಕೊಂಡಿರುವ ಸಾಧ್ಯತೆಯೇ ಜಾಸ್ತಿ.

ಅಡಾಪ್ಟಿಯಂನಲ್ಲಿ ಸಿಗುವ ಟೆಮುರಿನ್ ಜೆಡಿಕೆ ಪೂರ್ತಿ ಉಚಿತ. 17 ಅಥವಾ 21 ತಗೊಳ್ಳಿ. ಇವು ಎಲ್‌ಟಿಎಸ್, ಅಂದರೆ ಬಹಳ ವರ್ಷ ಅಪ್‌ಡೇಟ್ ಬರುವಂಥವು. ಇನ್‌ಸ್ಟಾಲ್ ಮಾಡುವಾಗ "ಸೆಟ್ ಜಾವಾ ಹೋಮ್" ಅನ್ನುವುದರ ಮುಂದೆ ಕೆಂಪು ಗುಣಿಸು ಗುರುತು ಇದ್ದರೆ ಅದನ್ನು ಒತ್ತಿ ಆನ್ ಮಾಡಿ. ಇಷ್ಟು ರಗಳೆ ಬೇಡ ಅನ್ನುವವರಿಗೆ ಬ್ಲೂಜೆ ಇದೆ. ಅದರ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಜೆಡಿಕೆ ಸೇರಿಯೇ ಬರುತ್ತದೆ.

ಪಬ್ಲಿಕ್ ಕ್ಲಾಸ್‌ನ ಹೆಸರು ಮತ್ತು ಫೈಲ್ ಹೆಸರು ಒಂದೇ ಇರಬೇಕು, ದೊಡ್ಡಕ್ಷರ ಸಣ್ಣಕ್ಷರ ಸಮೇತ. ಜಾವಾದಲ್ಲಿ ಮೊದಲ ವಾರದ ಎರರ್‌ಗಳು ಹೆಚ್ಚಾಗಿ ಇದರಿಂದಲೇ.

7. ಮೊದಲ ಪ್ರೋಗ್ರಾಮ್ ಓಡಿಸುವಾಗ

ಸ್ಟಾರ್ಟ್ ಒತ್ತಿ "ಸಿ-ಎಂ-ಡಿ" ಹೊಡೆದರೆ ಕಪ್ಪು ಕಿಟಕಿ ಬರುತ್ತದೆ, ಅದೇ ಕಮಾಂಡ್ ಪ್ರಾಂಪ್ಟ್. ಪೈಥಾನ್, ಸ್ಪೇಸ್, ಎರಡು ಹೈಫನ್, ವರ್ಷನ್ ಅಂತ ಹೊಡೆಯಿರಿ. ಜಾವಾ ಹಾಕಿದವರು "ಜಾವಾ-ಸಿ" ಜೊತೆ ಹೀಗೇ ಮಾಡಿ. ಸಂಖ್ಯೆ ಬಂದರೆ ಸರಿ ಕೂತಿದೆ. ಇನ್‌ಸ್ಟಾಲ್ ಮಾಡುವ ಮುಂಚೆಯೇ ತೆರೆದಿದ್ದ ಕಪ್ಪು ಕಿಟಕಿಯಲ್ಲಿ ನೋಡಬೇಡಿ, ಅದಕ್ಕೆ ಹೊಸ ಪಾತ್ ಗೊತ್ತಿರುವುದಿಲ್ಲ. ಮುಚ್ಚಿ ಹೊಸದು ತೆರೆಯಿರಿ. ಕೋಡ್‌ಬ್ಲಾಕ್ಸ್ ಹಾಕಿದವರಿಗೆ ಈ ಪರೀಕ್ಷೆ ಬೇಡ, ಎಫ್9 ಒತ್ತಿ ಪ್ರೋಗ್ರಾಮ್ ಓಡಿದರೆ ಸಾಕು.

ನೋಟ್‌ಪ್ಯಾಡ್‌ನಲ್ಲಿ ಬರೆದರೆ ಫೈಲ್ ಹೆಸರಿನ ಕೊನೆಗೆ ಗೊತ್ತಿಲ್ಲದೆ "ಡಾಟ್ ಟಿಎಕ್ಸ್‌ಟಿ" ಸೇರಿಕೊಳ್ಳುತ್ತದೆ. ಫೋಲ್ಡರ್‌ನ ವ್ಯೂ ಮೆನುವಿನಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಟಿಕ್ ಮಾಡಿಟ್ಟರೆ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ನಮ್ಮ ಕಡೆಯ ವಿಶೇಷ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್ ನೋಟ್ಸ್‌ನಿಂದ ಕೋಡ್ ಕಾಪಿ ಮಾಡಿ ಅಂಟಿಸುತ್ತಾರೆ. "ಸ್ಟ್ರೇ" ಅನ್ನುವ ಪದ, ಪಕ್ಕದಲ್ಲಿ 342 ಅಥವಾ 223ರಂಥ ಸಂಖ್ಯೆ ಇರುವ ಎರರ್ ಬರುತ್ತದೆ. ಕೋಡ್ ತಪ್ಪಿಲ್ಲ, ಕೋಟ್ಸ್ ತಪ್ಪು. ವರ್ಡ್‌ನಲ್ಲಿ ಮಾಡಿದ ನೋಟ್ಸ್‌ನಲ್ಲಿ ಕೋಟ್ಸ್ ಬಾಗಿರುತ್ತವೆ, ಕಂಪೈಲರ್‌ಗೆ ನೆಟ್ಟಗಿನವು ಬೇಕು. ಅಳಿಸಿ ಕೀಬೋರ್ಡ್‌ನಿಂದ ಹೊಡೆಯಿರಿ. ಅದಕ್ಕಿಂತ ಪೂರ್ತಿ ಪ್ರೋಗ್ರಾಮ್ ಕೈಯಿಂದಲೇ ಹೊಡೆದರೆ ತಲೆಗೂ ಹತ್ತುತ್ತದೆ. ನುಡಿ ಬಳಸುವವರು ಕೋಡ್ ಬರೆಯುವ ಮುಂಚೆ ಕನ್ನಡ ಕೀಬೋರ್ಡ್ ಆಫ್ ಆಗಿದೆಯಾ ನೋಡಿಕೊಳ್ಳಿ.

ನಾಲ್ಕು ಸಾಲಿಗೊಮ್ಮೆ ಕಂಟ್ರೋಲ್ ಎಸ್. ಬೇಸಿಗೆಯಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ.

ಕಂಪ್ಯೂಟರ್ ಹಳೆಯದಿದ್ದರೆ, ಇಲ್ಲವೇ ಇಲ್ಲದಿದ್ದರೆ

ವಿಂಡೋಸ್ ತೆವಳುತ್ತಿರುವ ಹಳೆಯ ಕಂಪ್ಯೂಟರ್ ಇದ್ದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ನೋಡಿ. ಮಿಂಟ್‌ನಲ್ಲಿ ಪೈಥಾನ್ ಮೊದಲೇ ಇರುತ್ತದೆ. ಸಿ, ಸಿ ಪ್ಲಸ್ ಪ್ಲಸ್‌ಗೆ "ಬಿಲ್ಡ್-ಎಸೆನ್ಷಿಯಲ್", ಜಾವಾಗೆ "ಡೀಫಾಲ್ಟ್-ಜೆಡಿಕೆ", ಈ ಹೆಸರುಗಳನ್ನು ಸಾಫ್ಟ್‌ವೇರ್ ಪಟ್ಟಿಯಲ್ಲಿ ಹುಡುಕಿ ಹಾಕಿದರೆ ಮುಗಿಯಿತು. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಇನ್‌ಸ್ಟಾಲ್ ಮಾಡಲು ಕೂತರೆ ಮಾತ್ರ ಮೊದಲು ಮನೆಯ ಫೋಟೊ, ಅಪ್ಪನ ದಾಖಲೆ ಎಲ್ಲ ಬೇರೆ ಕಡೆ ಕಾಪಿ ಮಾಡಿಡಿ. "ಇರೇಸ್ ಡಿಸ್ಕ್" ಅಂದರೆ ನಿಜಕ್ಕೂ ಅಳಿಸುತ್ತದೆ.

ಬರೀ ಮೊಬೈಲ್ ಇರುವವರು ಪ್ಲೇ ಸ್ಟೋರ್‌ನಿಂದ ಪೈಡ್ರಾಯ್ಡ್ 3 ಹಾಕಿಕೊಂಡು ಪೈಥಾನ್ ಕಲಿಯಬಹುದು, ಇನ್‌ಸ್ಟಾಲ್ ಆದ ಮೇಲೆ ನೆಟ್ ಇಲ್ಲದೆಯೂ ನಡೆಯುತ್ತದೆ. ಸಿ, ಜಾವಾಗೆ ಬ್ರೌಸರ್‌ನಲ್ಲೇ ಓಡುವ ಆನ್‌ಲೈನ್‌ಜಿಡಿಬಿ ಇದೆ. ಬೆರಳಲ್ಲಿ ಬ್ರ್ಯಾಕೆಟ್ ಹೊಡೆಯುವುದು ಬೇಜಾರು, ಆದರೂ ಕೆಲಸ ನಡೆಯುತ್ತದೆ.

ಪಾಠ ಕನ್ನಡದಲ್ಲೇ ಬೇಕು ಅನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಅದರ ಬಹಳಷ್ಟು ವಿಡಿಯೊಗಳು ಕನ್ನಡ ದನಿಯಲ್ಲೂ ಸಿಗುತ್ತವೆ, ದುಡ್ಡಿಲ್ಲ. ಸಿ ಪಾಠ ಲಿನಕ್ಸ್‌ನಲ್ಲಿ ಜಿಸಿಸಿ ಬಳಸಿ ತೋರಿಸುತ್ತಾರೆ, ಕೋಡ್ ಮಾತ್ರ ಕೋಡ್‌ಬ್ಲಾಕ್ಸ್‌ನಲ್ಲೂ ಅದೇ.

ನೀವು ಇಳಿಸಿದ ಇನ್‌ಸ್ಟಾಲರ್‌ಗಳನ್ನು ಗೆಳೆಯರಿಗೆ ಕೊಡಬಹುದಾ? ಕೊಡಬಹುದು. ಕೋಡ್‌ಬ್ಲಾಕ್ಸ್, ಜಿಸಿಸಿ, ಪೈಥಾನ್, ಥಾನಿ, ಟೆಮುರಿನ್ ಇವೆಲ್ಲ ಮುಕ್ತ ಸಾಫ್ಟ್‌ವೇರ್. ಕಾಪಿ ಮಾಡಿ ಹಂಚಲು ಅವುಗಳ ಲೈಸೆನ್ಸ್‌ನಲ್ಲೇ ಅನುಮತಿ ಇದೆ. ಪೆನ್‌ಡ್ರೈವ್ ಬೇಡ ಅಂದದ್ದು ಅದರಲ್ಲಿ ಬರುವ ವೈರಸ್‌ಗೆ ಹೆದರಿ. ನೀವೇ ಮೂಲ ಸೈಟ್‌ನಿಂದ ಇಳಿಸಿ ಸ್ಕ್ಯಾನ್ ಮಾಡಿ ಕೊಟ್ಟರೆ ತೊಂದರೆಯಿಲ್ಲ. ಹಳ್ಳಿಯಲ್ಲಿ ನೆಟ್ ಸಿಗದ ಗೆಳತಿಗೆ ಅಷ್ಟು ಡೇಟಾ ಉಳಿಯಿತು.

ಇಷ್ಟಾದರೂ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕೇಳಿ. ಆದರೆ ಯಾವ ವಿಂಡೋಸ್, ಎಷ್ಟು ಬಿಟ್, ಯಾವ ಫೈಲ್ ಇಳಿಸಿದಿರಿ ಅನ್ನುವುದನ್ನು ಬರೆಯಿರಿ. ಎರರ್‌ಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಅಕ್ಷರ ಬಿಡದೆ ಕಳಿಸಿ. ಕೆಳಗಿನ ಇಪ್ಪತ್ತು ಎರರ್ ಸಾಮಾನ್ಯವಾಗಿ ಆ ಒಂದರ ಮರಿಗಳು. "ಸರ, ಆಗವಲ್ದು" ಅಂತ ಮಾತ್ರ ಬರೆದರೆ ಏನು ಆಗುತ್ತಿಲ್ಲ ಅಂತ ಕೇಳುವುದರಲ್ಲೇ ಇಬ್ಬರಿಗೂ ಸಂಜೆಯಾಗುತ್ತದೆ.